ಮುಪ್ಪು, ಪುಷ್ಟಿ ಮತ್ತು ಅಮೈನೋ ಆಮ್ಲಗಳು

ಬಾದಾಮಿಯ ಪೂರ್ವಕ್ಕೆ ಬೆಟ್ಟಗಳ ಮಡಿಲಿನಲ್ಲಿರುವ ಮಹಾಕೂಟವು ಚಾಲುಕ್ಯರ ಕಾಲದಿಂದ ಪ್ರಸಿದ್ಧವಾದ ಕ್ಷೇತ್ರ. ಚಿಲುಮೆಯ ನೀರು ತುಂಬಿದ ವಿಷ್ಣು ಪುಷ್ಕರಿಣಿಯಲ್ಲಿ ಮಿಂದು, ಮಹಾಕೂಟೇಶ್ವರನ ದರ್ಶನ ಪಡೆದು ಬಂದ ಯಾತ್ರಿಕನಿಗೆ ಮರದ ನೆರಳಿನಲ್ಲಿ ಬುಟ್ಟಿಯಿಟ್ಟು ಕುಳಿತ ತಾಯಂದಿರು ಜೋಳದ ರೊಟ್ಟಿ, ಕಾಳಿನ ಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರುಗಳನ್ನು ಬಡಿಸುತ್ತಾರೆ. ಈ ಊಟವು ರುಚಿಗೆ ಹೆಸರಾದುದು. ಆದರೆ ಇದರಲ್ಲಿ ಪೋಷಣಶಾಸ್ತ್ರದ ಒಂದು ಹಿರಿಯ ತತ್ತ್ವವೂ ಅಡಗಿದೆಯೆಂಬುದನ್ನು ಬಲ್ಲವರು ವಿರಳ. ಯಾತ್ರಿಕನ ತಟ್ಟೆಯಲ್ಲಿ ಕೂಡಿಬಂದ ಈ ನಾಲ್ಕು ಪದಾರ್ಥಗಳು ಇದೇ ಸೀಮೆಯ ಎಷ್ಟೋ ಮನೆಗಳಲ್ಲಿ ವೃದ್ಧರ ತಟ್ಟೆಯಿಂದ ಒಂದೊಂದಾಗಿ ಮರೆಯಾಗುತ್ತವೆ. ಕೊನೆಗೆ ಉಳಿಯುವುದು ರೊಟ್ಟಿ, ಉಪ್ಪಿನಕಾಯಿ; ಇಲ್ಲವೆ ಒಂದು ಬಟ್ಟಲು ನುಚ್ಚು. ಇದರಿಂದಾಗುವ ಹಾನಿಯನ್ನು ಜನರು ಮುಪ್ಪಿನ ಸಹಜಧರ್ಮವೆಂದೇ ಭಾವಿಸುತ್ತಾರೆ. ಅದು ಎಷ್ಟರಮಟ್ಟಿಗೆ ಸಹಜ, ಎಷ್ಟರಮಟ್ಟಿಗೆ ನಿವಾರ್ಯ ಎಂಬುದು ವಿಚಾರಣೀಯ.

ಮಾಂಸಖಂಡ, ಚರ್ಮ, ರಕ್ತ, ಪಾಚಕರಸಗಳೆಲ್ಲವೂ ಬಹುಮಟ್ಟಿಗೆ ಪ್ರೋಟೀನುಗಳಿಂದಾದವು ಅಥವಾ ಪ್ರೋಟೀನುಗಳಿಂದ ನಡೆಯುವಂಥವು. ಭಾಷೆಗೆ ವರ್ಣಮಾಲೆ ಹೇಗೋ ಪ್ರೋಟೀನಿಗೆ ಅಮೈನೋ ಆಮ್ಲಗಳು ಹಾಗೆ. ಇವು ಇಪ್ಪತ್ತು. ಕೆಲವು ಅಮೈನೋ ಆಮ್ಲಗಳು ಸರಪಣಿಯಾಗಿ ಹೆಣೆದುಕೊಂಡರೆ ಅದು ಪೆಪ್ಟೈಡ್. ನೂರಾರು ಹೆಣೆದುಕೊಂಡರೆ ಪ್ರೋಟೀನು. ‘ಸರ’ ಮತ್ತು ‘ರಸ’ ಎಂಬ ಪದಗಳಲ್ಲಿ ಅಕ್ಷರಗಳು ಅವೇ ಆದರೂ ಕ್ರಮಭೇದದಿಂದ ಅರ್ಥಭೇದವಾಗುವಂತೆ ಇಲ್ಲಿಯೂ ಕ್ರಮವೇ ಪ್ರಧಾನ. ಮಧುಮೇಹಕ್ಕೆ ಸಂಬಂಧಿಸಿದ ಇನ್ಸುಲಿನ್ 51 ಅಮೈನೋ ಆಮ್ಲಗಳಿಂದಾದುದು. ಅವುಗಳ ಅನುಕ್ರಮವನ್ನು ಪೂರ್ಣವಾಗಿ ಓದಿ ತೋರಿಸಿದ ಫ್ರೆಡರಿಕ್ ಸ್ಯಾಂಗರರಿಗೆ 1958ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಈ ಇಪ್ಪತ್ತರಲ್ಲಿ ಹನ್ನೊಂದನ್ನು ಶರೀರವು ತಾನೇ ರಚಿಸಿಕೊಳ್ಳಬಲ್ಲದು. ಉಳಿದ ಒಂಬತ್ತನ್ನು ಆಹಾರದಿಂದಲೇ ಪಡೆಯಬೇಕು. ಇವುಗಳಿಗೆ ಅತ್ಯವಶ್ಯಕ ಅಮೈನೋ ಆಮ್ಲಗಳೆಂದು ಹೆಸರು. ಪದ್ಯ ರಚಿಸುವ ಕವಿಗೆ ಬೇಕಾದೊಂದು ಅಕ್ಷರ ದೊರೆಯದಿದ್ದರೆ ಮಿಕ್ಕೆಲ್ಲ ಅಕ್ಷರಗಳು ರಾಶಿಯಾಗಿ ಬಿದ್ದಿದ್ದರೂ ಪದ್ಯವು ಅಲ್ಲಿಗೇ ನಿಲ್ಲುತ್ತದೆ. ಅಂತೆಯೇ ಒಂಬತ್ತರಲ್ಲಿ ಒಂದು ಕೊರತೆಯಾದರೂ ಪ್ರೋಟೀನಿನ ರಚನೆ ಕುಂಠಿತವಾಗುತ್ತದೆ.

ಬಡಗನಾಡಿನ ಮುಖ್ಯಾಹಾರವಾದ ಜೋಳದಲ್ಲಿ ಕೊರತೆಯಾಗುವ ಅಮೈನೋ ಆಮ್ಲವೇ ಲೈಸಿನ್. ನೂರು ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಪ್ರೋಟೀನು ಇರುತ್ತದೆ, ಇದು ಅಲ್ಪವಲ್ಲ. ಆದರೆ ಆ ಪ್ರೋಟೀನಿನ ಪ್ರತಿಯೊಂದು ಗ್ರಾಮಿನಲ್ಲಿ ಲೈಸಿನ್ನಿನ ಅಂಶ ಸುಮಾರು 20 ಮಿಲಿಗ್ರಾಂ ಮಾತ್ರ. ವಯಸ್ಕರಿಗೆ ಇರಬೇಕಾದುದು 45. ತೊಗರಿ, ಹೆಸರು, ಮಡಿಕೆ, ಕಡಲೆಗಳಲ್ಲಿ ಲೈಸಿನ್ ಸಮೃದ್ಧವಾಗಿದೆ. ಅವುಗಳಲ್ಲಿ ಕಡಿಮೆಯಿರುವ ಮೆಥಿಯೋನಿನ್ ಎಂಬುದನ್ನು ಜೋಳವು ತುಂಬಿಕೊಡುತ್ತದೆ. ಹಾಲುಮೊಸರುಗಳಲ್ಲಿ ಒಂಬತ್ತೂ ಇವೆ. ಒಂದರ ನ್ಯೂನತೆಯನ್ನು ಮತ್ತೊಂದು ನೀಗಿಸುವ ಈ ಕೂಟವೇ ಮಹಾಕೂಟದ ಊಟದ ಹಿರಿಮೆ.

ಇಂಥ ಆಹಾರ ಪದ್ಧತಿಯವರಿಗೆ ಲೈಸಿನ್ ಎಷ್ಟು ಬೇಕೆಂಬ ಪ್ರಶ್ನೆಗೆ ಉತ್ತರ ಹುಡುಕಿದವರಲ್ಲಿ ಕರ್ನಾಟಕದ ವಿಜ್ಞಾನಿಗಳು ಅಗ್ರಗಣ್ಯರೆಂಬುದು ಅಭಿಮಾನದ ಸಂಗತಿ. ವಿಶ್ವ ಆರೋಗ್ಯ ಸಂಸ್ಥೆ ಮೊದಲಾದವುಗಳ 1985ರ ವರದಿಯು ವಯಸ್ಕರಿಗೆ ದೇಹತೂಕದ ಪ್ರತಿ ಕಿಲೋಗ್ರಾಮಿಗೆ ದಿನವೊಂದಕ್ಕೆ 12 ಮಿಲಿಗ್ರಾಂ ಲೈಸಿನ್ ಸಾಕೆಂದು ಹೇಳಿತ್ತು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಮಹಾವಿದ್ಯಾಲಯದಲ್ಲಿ ಡಾ. ಅನುರಾ ಕುರ್ಪಾಡ್ ಹಾಗೂ ಅವರ ಸಂಗಡಿಗರು ಆರೋಗ್ಯವಂತ ಭಾರತೀಯ ತರುಣರಿಗೆ ಅಳತೆ ಮಾಡಿದ ಆಹಾರವನ್ನು ಕೊಟ್ಟು, ಗುರುತಿಟ್ಟ ಇಂಗಾಲವು ಅವರ ಉಸಿರಿನಲ್ಲಿ ಎಷ್ಟು ಹೊರಬೀಳುವುದೆಂಬುದನ್ನು ಲೆಕ್ಕಹಾಕಿದರು. ಅಗತ್ಯವು ಹಿಂದೆ ಭಾವಿಸಿದುದಕ್ಕಿಂತ ಎರಡು ಪಟ್ಟಿಗೂ ಮಿಗಿಲೆಂದು ಕಂಡುಬಂದಿತು. 2007ರ ಅಂತರರಾಷ್ಟ್ರೀಯ ವರದಿಯು 30 ಮಿಲಿಗ್ರಾಮಿನ ಪ್ರಮಾಣವನ್ನು ಅಂಗೀಕರಿಸಿತು.

ಈ ಪ್ರಮಾಣವನ್ನು ಹಿಡಿದು ವೃದ್ಧರ ತಟ್ಟೆಯನ್ನು ಪರೀಕ್ಷಿಸಬೇಕು. ಐವತ್ತು ಕಿಲೋ ತೂಕದ ಅಜ್ಜಿಯೊಬ್ಬಳಿಗೆ ದಿನಕ್ಕೆ 1500 ಮಿಲಿಗ್ರಾಂ ಲೈಸಿನ್ ಬೇಕು. ದಿನಕ್ಕೆ ಎರಡು ರೊಟ್ಟಿಯನ್ನು, ಎಂದರೆ ಸುಮಾರು 120 ಗ್ರಾಂ ಹಿಟ್ಟನ್ನು ಉಪ್ಪಿನಕಾಯಿಯೊಡನೆ ತಿಂದರೆ ದೊರೆಯುವುದು ಹೆಚ್ಚುಕಡಿಮೆ 240 ಮಿಲಿಗ್ರಾಂ. ಬೇಕಾದುದರಲ್ಲಿ ಆರನೆಯ ಒಂದು ಪಾಲೂ ಆಗದು! ಹೊಟ್ಟೆ ತುಂಬಿದಂತೆ ಕಾಣುತ್ತದೆ. ಶರೀರವು ಮಾತ್ರ ಹಸಿದೇ ಇರುತ್ತದೆ.

ಕೊಬ್ಬಿನಂತೆ ಅಮೈನೋ ಆಮ್ಲಗಳನ್ನು ಕೂಡಿಡಲು ಶರೀರದಲ್ಲಿ ಪ್ರತ್ಯೇಕ ಕಣಜವಿಲ್ಲ. ಆಹಾರದಲ್ಲಿ ಬಾರದಿದ್ದಾಗ ಅದು ಮಾಂಸಖಂಡವನ್ನೇ ಕರಗಿಸಿ ಹೃದಯ, ರಕ್ತ, ರೋಗನಿರೋಧಗಳ ಕಾರ್ಯಕ್ಕೆ ವಿನಿಯೋಗಿಸುತ್ತದೆ. ಒಲೆ ಉರಿಯಲೆಂದು ಮನೆಯ ತೊಲೆಯನ್ನೇ ಕೀಳುವ ಪರಿ ಇದು. ಮುಪ್ಪಿನಲ್ಲಿ ಸ್ನಾಯುಗಳು ಸವೆಯುವುದು ಸಹಜವೇ. ಆದರೆ ಕೊರತೆಯ ಊಟವು ಆ ಸವಕಳಿಯನ್ನು ತ್ವರಿತಗೊಳಿಸುತ್ತದೆ. ಕೂತಲ್ಲಿಂದ ಏಳಲು ಊರುಗೋಲು ಬೇಕಾಗುತ್ತದೆ. ಹೆಜ್ಜೆ ತಪ್ಪಿ ಬಿದ್ದರೆ ಎಲುಬು ಮುರಿಯುತ್ತದೆ. ಗಾಯ ಮಾಯಲು ತಡವಾಗುತ್ತದೆ. ಅಲ್ಲದೆ ವೃದ್ಧರ ಸ್ನಾಯುವು ತರುಣರ ಸ್ನಾಯುವಿನಷ್ಟು ಸುಲಭವಾಗಿ ಪ್ರೋಟೀನನ್ನು ಬಳಸಿಕೊಳ್ಳದು. ಆದ್ದರಿಂದಲೇ ವಯಸ್ಕರಿಗೆಲ್ಲ ಪ್ರತಿ ಕಿಲೋ ತೂಕಕ್ಕೆ 0.83 ಗ್ರಾಂ ಉತ್ತಮ ಪ್ರೋಟೀನು ವಿಹಿತವಾಗಿದ್ದರೆ, ಅರವತ್ತೈದು ದಾಟಿದವರಿಗೆ 1ರಿಂದ 1.2 ಗ್ರಾಂ ಬೇಕೆಂದು 2013ರಲ್ಲಿ ತಜ್ಞರ ಮಂಡಲಿಯೊಂದು ಸೂಚಿಸಿತು. ಸ್ನಾಯು ಕಟ್ಟುವ ಕಾರ್ಯಕ್ಕೆ ಕರೆ ಕೊಡುವ ಲ್ಯೂಸಿನ್ ಜೋಳದಲ್ಲಿ ಹೇರಳವಾಗಿದೆ. ಕಟ್ಟಡಕ್ಕೆ ಬೇಕಾದ ಲೈಸಿನ್ ಎಂಬ ಕಲ್ಲು ಮಾತ್ರ ಸಾಲದು. ಕರೆ ಬಂದರೂ ಕಲ್ಲಿಲ್ಲದ ಮೇಲೆ ಗೋಡೆ ಏಳುವುದೆಂತು?

ಈಚಿನ ವರ್ಷಗಳಲ್ಲಿ ಯೌವನವನ್ನು ಮರಳಿಸುವುದೆಂಬ ಪ್ರಚಾರದೊಡನೆ ಕೊಲಾಜೆನ್ ಪೆಪ್ಟೈಡುಗಳ ಪುಡಿ ಪೇಟೆಗೆ ಬಂದಿದೆ. ಚರ್ಮ, ಎಲುಬು, ಸಂಧಿಗಳಿಗೆ ದಾರ್ಢ್ಯ ನೀಡುವ ಪ್ರೋಟೀನೇ ಕೊಲಾಜೆನ್. ಛಂದಸ್ಸಿನ ಅಕ್ಷರಗಣಕ್ಕೆ ಮೂರು ಅಕ್ಷರಗಳಿರುವಂತೆ ಇದರ ಎಳೆಯಲ್ಲಿಯೂ ಮೂರು ಮೂರರ ಗಣವಿದೆ. ಪ್ರತಿ ಗಣದಲ್ಲಿಯೂ ಗ್ಲೈಸಿನ್ ನಿಯತವಾಗಿ ಬರುತ್ತದೆ. ಇಂಥ ಮೂರು ಎಳೆಗಳು ಮುಪ್ಪುರಿ ಹಗ್ಗದಂತೆ ಹೆಣೆದುಕೊಂಡಿವೆಯೆಂದು 1954ರಲ್ಲಿ ಮದರಾಸಿನಲ್ಲಿ ಪ್ರತಿಪಾದಿಸಿದವರು ಜಿ. ಎನ್. ರಾಮಚಂದ್ರನ್ ಮತ್ತು ಗೋಪಿನಾಥ ಕರ್ತಾ. ರಾಮಚಂದ್ರನ್ನರು ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣುಜೀವಭೌತ ವಿಭಾಗವನ್ನು ಕಟ್ಟಿದರು. ಈ ಹಗ್ಗವು ವಯಸ್ಸಿನೊಡನೆ ತೆಳುವಾಗುವುದೂ ಬಿರುಸಾಗುವುದೂ ನಿಜ. ಆದರೆ ತಿಂದ ಕೊಲಾಜೆನ್ ನೇರವಾಗಿ ಹೋಗಿ ಚರ್ಮದ ಕೊಲಾಜೆನ್ ಆಗದು. ಕರುಳಿನಲ್ಲಿ ಅದು ಬಿಡಿ ಅಮೈನೋ ಆಮ್ಲಗಳಾಗಿಯೂ ಕಿರಿಯ ಪೆಪ್ಟೈಡುಗಳಾಗಿಯೂ ಒಡೆಯುತ್ತದೆ. ಚರ್ಮಕ್ಕೆ ಕೊಂಚ ಪ್ರಯೋಜನವಾಯಿತೆಂದು ಕೆಲವು ಪ್ರಯೋಗಗಳು ಹೇಳಿದರೂ ಅವುಗಳಲ್ಲಿ ಹಲವು ತಯಾರಕರ ಧನಸಹಾಯದಿಂದ ನಡೆದವು. ಸಸ್ಯಾಹಾರಿಗಳು ಇನ್ನೊಂದು ಮಾತನ್ನು ಅರಿತಿರಬೇಕು. ಈ ಪುಡಿಯನ್ನು ಸಾಮಾನ್ಯವಾಗಿ ತೆಗೆಯುವುದು ದನ, ಹಂದಿ, ಮೀನುಗಳ ಚರ್ಮ ಮತ್ತು ಎಲುಬುಗಳಿಂದ. ಶರೀರವು ತಾನೇ ಕೊಲಾಜೆನ್ ನೇಯಲು ಸಿ ಜೀವಸತ್ವವೂ ಬೇಕು. ಅದು ನಿಂಬೆ, ನೆಲ್ಲಿ, ಪೇರಲಗಳಲ್ಲಿ ಅಲ್ಪ ಬೆಲೆಗೆ ದೊರೆಯುತ್ತದೆ.

ಪರಿಹಾರವು ದೂರದಲ್ಲಿಲ್ಲ. ಅದೇ ಅಜ್ಜಿಯ ಎರಡು ರೊಟ್ಟಿಗೆ ದಿನದಲ್ಲಿ 60 ಗ್ರಾಂ ಬೇಳೆಕಾಳು, 300 ಗ್ರಾಂ ಮೊಸರು, ಒಂದು ಹಿಡಿ ಶೇಂಗಾ ಕೂಡಿಸಿದರೆ ಪ್ರೋಟೀನು ನಲವತ್ತು ಗ್ರಾಮಿನ ಸಮೀಪಕ್ಕೆ ಬರುತ್ತದೆ. ಲೈಸಿನ್ 1500ರ ಗೆರೆಯನ್ನು ದಾಟುತ್ತದೆ. ಹಲ್ಲಿಲ್ಲದವರಿಗೆ ಮೆತ್ತನೆಯ ಝುಣಕ, ಕುದಿಸಿ ಮಸೆದ ಹೆಸರುಬೇಳೆ, ಮೊಸರಿನಲ್ಲಿ ಕಲಸಿದ ಶೇಂಗಾ ಪುಡಿ ಒಗ್ಗುತ್ತವೆ. ಕಾಳನ್ನು ನೆನೆಸಿ ಮೊಳಕೆ ಬರಿಸಿ ಬೇಯಿಸಿದರೆ ಜೀರ್ಣಕ್ಕೂ ಸುಲಭ. ಇವನ್ನು ಒಂದೇ ಹೊತ್ತಿಗೆ ಸುರಿಯದೆ ಎರಡು ಮೂರು ಹೊತ್ತಿಗೆ ಹಂಚಬೇಕು. ಜೊತೆಗೆ ನಡಿಗೆಯೂ ಶಕ್ತ್ಯನುಸಾರ ಕೆಲಸವೂ ಇರಬೇಕು. ದುಡಿಯದ ಸ್ನಾಯುವು ತಿಂದುದನ್ನು ಹೀರಿಕೊಳ್ಳದು. ಮೂತ್ರಪಿಂಡದ ವ್ಯಾಧಿಯುಳ್ಳವರು ಮಾತ್ರ ವೈದ್ಯರನ್ನು ಕೇಳಿಯೇ ಪ್ರೋಟೀನನ್ನು ಹೆಚ್ಚಿಸತಕ್ಕದ್ದು. ಇದರಿಂದ ಮುಪ್ಪು ಬಾರದೆ ಹೋಗದು. ಆದರೆ ಬಂದ ಮುಪ್ಪು ಹಾಸಿಗೆ ಹಿಡಿಸದೆ ಸಾಗುವುದಕ್ಕೆ ಇದೊಂದು ಆಸರೆ.

ಮಹಾಕೂಟದಲ್ಲಿದ್ದು ಈಗ ವಿಜಯಪುರದ ಗೋಲಗುಮ್ಮಟದ ವಸ್ತುಸಂಗ್ರಹಾಲಯದಲ್ಲಿರುವ ಮಂಗಳೇಶನ ಸ್ತಂಭಶಾಸನವು ಕ್ರಿ. ಶ. 602ರ ಸುಮಾರಿನದು. ಮಕುಟೇಶ್ವರನಾಥನಿಗೆ ಹತ್ತು ಗ್ರಾಮಗಳು ದತ್ತಿಯಾಗಿ ಸಂದುದನ್ನು ಅದು ಸಾರುತ್ತದೆ. ಅಲ್ಲಿಯದೇ ಇನ್ನೊಂದು ಕನ್ನಡ ಶಾಸನವು ವಿನಾಪೋಟಿಯೆಂಬ ಸ್ತ್ರೀಯು ರತ್ನಪೀಠವನ್ನೂ ಬೆಳ್ಳಿಯ ಕೊಡೆಯನ್ನೂ ಅರ್ಪಿಸಿದುದನ್ನು ಹೇಳುತ್ತದೆ. ದಾನದ ಈ ಪರಂಪರೆ ಇಂದಿಗೂ ಅನ್ನದಾಸೋಹದ ರೂಪದಲ್ಲಿ ನಾಡಿನ ಮಠಗಳಲ್ಲಿ ಜೀವಂತವಾಗಿದೆ. ದಾಸೋಹಕ್ಕೆ ಜೋಳ, ಅಕ್ಕಿಗಳ ಚೀಲವನ್ನು ಒಪ್ಪಿಸುವ ದಾನಿಗಳು ಅದರೊಡನೆ ಒಂದು ಚೀಲ ತೊಗರಿಯನ್ನೋ ಹೆಸರನ್ನೋ ಕೂಡಿಸಿದರೆ ಆ ದಾನವು ಇಮ್ಮಡಿ ಫಲಪ್ರದವಾಗುವುದು. ಶಿಕ್ಷಕರು ಈ ಲೆಕ್ಕವನ್ನು ಮಕ್ಕಳಿಗೆ ಹೇಳಿಕೊಟ್ಟರೆ ಅದು ಮನೆಮನೆಯ ಅಜ್ಜ ಅಜ್ಜಿಯರನ್ನು ಮುಟ್ಟುವುದು. ತನಗೆ ಉಪ್ಪಿನಕಾಯಿಯೇ ಸಾಕೆಂದು ಹೇಳಿ ಬೇಳೆಯ ಬಟ್ಟಲನ್ನು ಮೊಮ್ಮಗನತ್ತ ಸರಿಸುವ ಅಜ್ಜಿಗೆ, ಆ ಬಟ್ಟಲು ತನಗೂ ಅಷ್ಟೇ ಅವಶ್ಯವೆಂದು ಆ ಮೊಮ್ಮಗನೇ ತಿಳಿಯಹೇಳುವಂತಾದರೆ ವಿದ್ಯೆ ಸಾರ್ಥಕವಾದಂತೆ.