ನಕ್ಷೆಯಲ್ಲಿ ಕಾಣದ ನೀರು

ಕಳೆದ ಆಟಿ ತಿಂಗಳಿನ ಒಂದು ಸಂಜೆ ನಮ್ಮ ಧರ್ಮಕೇಂದ್ರದ ಕುಟುಂಬವೊಂದು ಸುರುಳಿ ಸುತ್ತಿದ ನಕ್ಷೆಯೊಡನೆ ನಮ್ಮಲ್ಲಿಗೆ ಬಂದಿತ್ತು. ಐದು ಎಕರೆ ಬೈಲು ಗದ್ದೆಯನ್ನು ಮನೆ ನಿವೇಶನಗಳ ಬಡಾವಣೆಯಾಗಿ ಮಾರ್ಪಡಿಸುವ ಪ್ರಸ್ತಾವ ಅದು. ಅದರಲ್ಲಿ ಎರಡು ಎಕರೆ ಇವರದು. 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯ ಫಲವಾಗಿ ಅಜ್ಜನಿಗೆ ಡಿಕ್ಲರೇಶನ್ ಮೂಲಕ ದೊರೆತ ಭೂಮಿ. ಗಂಡುಮಕ್ಕಳು ಕೊಲ್ಲಿ ರಾಷ್ಟ್ರದಲ್ಲಿದ್ದಾರೆ; ನಾಟಿಗೆ ಆಳುಗಳಿಲ್ಲ; ಮೊಮ್ಮಗಳ ವಿದ್ಯಾಭ್ಯಾಸದ ಸಾಲ ಬೇರೆ. "ಫಾದರ್, ಸಹಿ ಹಾಕಬಹುದೇ?" ಎಂದು ಮನೆಯ ಹಿರಿಯರು ಕೇಳಿದರು.

ಈ ಪ್ರಶ್ನೆ ಇಂದು ದಕ್ಷಿಣ ಕನ್ನಡದ ಎಷ್ಟೋ ಮನೆಗಳದ್ದು. ಆದುದರಿಂದ ಅದನ್ನು ಇಲ್ಲಿ ಓದುಗರೊಡನೆ ವಿಚಾರಿಸಲು ಬಯಸುತ್ತೇವೆ.

ನಮ್ಮ ಹಿರಿಯರು ಗದ್ದೆಗಳನ್ನು ಬೆಟ್ಟು, ಮಜಲು, ಬೈಲು ಎಂದು ಮೂರಾಗಿ ವಿಂಗಡಿಸಿದ್ದರು. ಎತ್ತರದ ಬೆಟ್ಟುಗದ್ದೆಯಲ್ಲಿ ಮಳೆಗಾಲದ ಏಣೆಲು ಬೆಳೆ ಮಾತ್ರ. ನಡುವಿನ ಮಜಲಿನಲ್ಲಿ ಸುಗ್ಗಿಯೂ ಸೇರಿ ಎರಡು. ತಗ್ಗಿನ ಬೈಲಿನಲ್ಲಿ ಕೊಳಕೆಯೂ ಸೇರಿ ಮೂರು. ಈ ವಿಂಗಡಣೆಗೆ ಆಧಾರ ನೀರು. ಸುತ್ತಲಿನ ಗುಡ್ಡಗಳ ಮಳೆಯೆಲ್ಲವೂ ಇಳಿದುಬಂದು ನಿಲ್ಲುವ ತಾಣವೇ ಬೈಲು.

ಒಂದು ವಸ್ತುವಿನ ಸ್ವರೂಪವನ್ನು ಅದರ ಕಾರ್ಯದಿಂದ ಅರಿಯಬೇಕೆಂದು ಅರಿಸ್ಟಾಟಲ್ ಬೋಧಿಸಿದನು. ಕಂದಾಯದ ದಾಖಲೆಯಲ್ಲಿ ಈ ಭೂಮಿ ಇಂದು ಕೃಷಿಯೆಂದಿದೆ, ನಾಳೆ ವಸತಿಯೆಂದಾಗಬಹುದು. ಆದರೆ ಅದರ ಕಾರ್ಯವೇನು? ಒಂದು ಎಕರೆ ಗದ್ದೆಯಲ್ಲಿ ಹತ್ತು ಸೆಂಟಿಮೀಟರ್ ನೀರು ನಿಂತರೆ ಅದು ಸುಮಾರು ನಾಲ್ಕು ಲಕ್ಷ ಲೀಟರ್. ಐದು ಎಕರೆಗೆ ಇಪ್ಪತ್ತು ಲಕ್ಷ. ಕೆಂಪುಮಣ್ಣು ತುಂಬಿಸಿ ಗದ್ದೆಯನ್ನು ಎತ್ತರಿಸಿದರೆ ಈ ನೀರು ಇಲ್ಲವಾಗುವುದಿಲ್ಲ. ನೆರೆಯವರ ಅಂಗಳವನ್ನು ಹುಡುಕಿಕೊಂಡು ಹೋಗುತ್ತದೆ. ಬೇಸಗೆಯಲ್ಲಿ ಸುತ್ತಲಿನ ಬಾವಿಗಳಿಗೆ ದೊರೆಯಬೇಕಾದ ಒರತೆಯೂ ಕ್ಷೀಣಿಸುತ್ತದೆ.

ಸರಕಾರ ಪರಿಶೀಲಿಸುವುದಿಲ್ಲವೇ ಎಂದು ಕೇಳಬಹುದು. ಭೂಪರಿವರ್ತನೆಗೂ ಬಡಾವಣೆಯ ವಿನ್ಯಾಸಕ್ಕೂ ಅನುಮತಿ ಬೇಕು, ನಿಜ. ಆದರೆ 2006ರ ಕೇಂದ್ರ ಪರಿಸರ ಅಧಿಸೂಚನೆಯು ಪ್ರದೇಶಾಭಿವೃದ್ಧಿ ಯೋಜನೆಗಳಿಗೆ ವಿಧಿಸಿದ ಮಿತಿ 50 ಹೆಕ್ಟೇರ್, ಎಂದರೆ ಸುಮಾರು 123 ಎಕರೆ. ಕಟ್ಟಡಗಳಿಗಾದರೆ 20,000 ಚದರ ಮೀಟರ್ ನಿರ್ಮಾಣ. ಐದೈದು ಎಕರೆಯ ಬಡಾವಣೆಗಳು ಒಂದರ ಬೆನ್ನಿಗೆ ಒಂದು ಬಂದು ಇಡೀ ಬೈಲನ್ನು ಆವರಿಸಿದರೂ ಅವು ಬಿಡಿಬಿಡಿಯಾಗಿ ಈ ಮಿತಿಯ ಕೆಳಗೇ ಉಳಿಯಬಹುದು. 2017ರ ಜೌಗುಭೂಮಿ ಸಂರಕ್ಷಣಾ ನಿಯಮಗಳು ಭತ್ತದ ಗದ್ದೆಯನ್ನು ಜೌಗುಭೂಮಿಯ ವ್ಯಾಖ್ಯೆಯಿಂದಲೇ ಹೊರಗಿಟ್ಟಿವೆ. ನೆರೆಯ ಕೇರಳವು 2008ರಲ್ಲಿ ಭತ್ತದ ಗದ್ದೆಗಳ ರಕ್ಷಣೆಗೆಂದೇ ಪ್ರತ್ಯೇಕ ಕಾನೂನು ಮಾಡಿತು.

ಇದರ ಪರಿಣಾಮವನ್ನು ನಾವು ಕಂಡಿದ್ದೇವೆ. 2018ರ ಮೇ 29ರ ಒಂದೇ ದಿನದ ಮಳೆಗೆ ಮಂಗಳೂರಿನ ತಗ್ಗು ಪ್ರದೇಶಗಳು ಜಲಾವೃತವಾದವು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪೂರ್ವಭಾಗದ ಬಡಾವಣೆಗಳಿಂದ ಕೋಟಿ ಬೆಲೆಯ ಮನೆಗಳವರು ಟ್ರ್ಯಾಕ್ಟರ್ ಏರಿ ಹೊರಬರಬೇಕಾಯಿತು. ಹಾಗೆಂದು ಗುಡ್ಡವನ್ನು ಕಡಿದು ಮನೆ ಕಟ್ಟುವುದೂ ಪರಿಹಾರವಲ್ಲ. 2018ರ ಆಗಸ್ಟಿನಲ್ಲಿ ಕೊಡಗಿನ ಇಳಿಜಾರುಗಳು ಕುಸಿದುದನ್ನು ಮರೆಯಲಾಗದು.

ಪರಿಸರದ ಪರಿಶೀಲನೆಯು ಯೋಜನೆ ಸಿದ್ಧವಾದ ಮೇಲೆ ನಡೆಯುವ ಶಾಸ್ತ್ರವಾಗಬಾರದು, ಆರಂಭದಿಂದಲೇ ಅದರ ಅಂಗವಾಗಿರಬೇಕು, ಅಲ್ಲಿಯೇ ವಾಸಿಸುವವರ ಮಾತಿಗೆ ವಿಶೇಷ ಸ್ಥಾನವಿರಬೇಕು ಎಂಬುದು ಪೋಪ್ ಫ್ರಾನ್ಸಿಸ್ ಅವರು 2015ರ ವಿಶ್ವಪತ್ರ 'ಲೌದಾತೊ ಸಿ'ಯಲ್ಲಿ ನೀಡಿದ ತಿಳಿವಳಿಕೆ. ಆರಂಭವೆಂದರೆ ಯಾವುದು? ಮಾರುವವನ ಸಹಿ. ಆದ್ದರಿಂದ ಮೊದಲ ಪರಿಶೀಲಕರು ಅಧಿಕಾರಿಗಳಲ್ಲ. ಮಾರುವ ಕುಟುಂಬ ಮತ್ತು ಕೊಳ್ಳುವ ಕುಟುಂಬ.

ಅಂದು ನಾವು ಉತ್ತರ ಹೇಳಲಿಲ್ಲ. ಮರುದಿನ ಕೊಡೆ ಹಿಡಿದು ಅವರೊಡನೆ ಗದ್ದೆಗೆ ಹೋದೆವು. ನಕ್ಷೆಯಲ್ಲಿ ತೋಡು ಒಂದು ತೆಳುವಾದ ಗೆರೆ. ಅಂದು ಅದು ಹುಣಿಯನ್ನು ಮೀರಿ ಹರಿಯುತ್ತಿತ್ತು. ಕೆಳಗಿನ ಎರಡು ಸಾಲಿನ ನಿವೇಶನಗಳೆಂದು ಗುರುತಿಸಿದ್ದ ಜಾಗದಲ್ಲಿ ಮೊಣಕಾಲೆತ್ತರ ನೀರು. ಹಿರಿಯರು ಬಹಳ ಹೊತ್ತು ಮೌನವಾಗಿ ನಿಂತರು. ಬಳಿಕ, "ಇಲ್ಲಿ ಮನೆ ಕಟ್ಟುವವರೂ ನಮ್ಮಂತಹವರೇ ಅಲ್ಲವೇ ಫಾದರ್, ಸಾಲ ಮಾಡಿಯೇ ಕಟ್ಟುವವರು" ಎಂದರು.

ಮನೆಯಿಲ್ಲದವರಿಗೆ ಮನೆ ಬೇಕು. ಕಷ್ಟದಲ್ಲಿರುವವರು ಭೂಮಿ ಮಾರುವುದು ತಪ್ಪೆಂದು ನಾವು ಹೇಳಲಾರೆವು. ಆದರೆ ಸಹಿಗೆ ಮೊದಲು ಕೆಲವು ಪ್ರಶ್ನೆಗಳಿವೆ. ಜಡಿಮಳೆಯ ದಿನ ನೀರು ಎಲ್ಲಿ ನಿಲ್ಲುತ್ತದೆ? ತೋಡಿನ ಪೂರ್ಣ ಅಗಲವನ್ನು ಬಿಟ್ಟಿದ್ದಾರೆಯೇ? ತುಂಬಿಸುವ ಮಣ್ಣಿಗಾಗಿ ಯಾವ ಗುಡ್ಡವನ್ನು ಕಡಿಯುತ್ತಾರೆ? ಮನೆಗಳ ಮಲಿನ ನೀರು ಯಾರ ಬಾವಿಯ ಬಳಿ ಇಂಗುತ್ತದೆ? ಇವಕ್ಕೆ ಉತ್ತರ ಬರೆಸಿಕೊಳ್ಳದೆ ಮುಂಗಡ ಪಡೆಯುವುದೂ ಬೇಡ, ಕೊಡುವುದೂ ಬೇಡ.

ಆ ಕುಟುಂಬ ಕೆಳಗಿನ ಎರಡು ಸಾಲುಗಳನ್ನು ಕೈಬಿಟ್ಟು ನಕ್ಷೆಯನ್ನು ಹೊಸದಾಗಿ ಬರೆಯಿಸುವಂತೆ ಕೇಳಿದೆ. ಕೊಳ್ಳುವವರು ಬೆಲೆ ತಗ್ಗಿಸಿದ್ದಾರೆ. ಸಾಲ ಹಾಗೆಯೇ ಇದೆ. ಸಹಿ ಇನ್ನೂ ಬಿದ್ದಿಲ್ಲ. ನೆರೆಯವರ ಅಂಗಳ ಒಣಗಿರಲೆಂದು ಬಡ ಕುಟುಂಬವೊಂದು ನಷ್ಟವನ್ನು ಹೊರುವಾಗ ಊರಿನವರಾದ ನಾವು ಆ ಭಾರದಲ್ಲಿ ಎಷ್ಟನ್ನು ಹಂಚಿಕೊಳ್ಳುತ್ತೇವೆ? ಈ ಪ್ರಶ್ನೆಯನ್ನು ಪ್ರತಿಯೊಂದು ಮನೆಯೂ ಕೇಳಿಕೊಳ್ಳಲಿ.