ಕೋರಿಕೆಯ ಮಿತಿ: ಕೆಲವರಿಗೆಂದು ಮಾಡಿದ ಆ್ಯಪ್ ಹಲವರಿಗೆ ಒದಗುವ ಬಗೆ

೧೮೮೧ರ ಅಕ್ಟೋಬರಿನಲ್ಲಿ, ದಿವಾನ್ ರಂಗಾಚಾರ್ಲು ಅವರ ಆಡಳಿತಕಾಲದಲ್ಲಿ, ಮೈಸೂರಿನಲ್ಲಿ ಮೊದಲ ಬಾರಿ ನೆರೆದ ಪ್ರಜಾಪ್ರತಿನಿಧಿ ಸಭೆಗೆ ಬಂದ ಸದಸ್ಯರು ೧೪೪ ಮಂದಿ. ಆ ಸಭೆಯ ಮಟ್ಟಿಗೆ ಸಂಸ್ಥಾನದ ಪ್ರಜೆಗಳ ಅಹವಾಲುಗಳೆಲ್ಲ ಅಷ್ಟು ಜನರ ಮೂಲಕವೇ ಸರ್ಕಾರಕ್ಕೆ ಮುಟ್ಟಬೇಕಾಗಿತ್ತು. ಇಂದಿನ ಪ್ರಜೆಯಾದರೋ ತನ್ನ ಅರ್ಜಿಯನ್ನು ತಾನೇ, ಕೈಯಲ್ಲಿರುವ ಫೋನಿನಿಂದ, ನೇರವಾಗಿ ಸಲ್ಲಿಸಬಲ್ಲ. ಇದು ಸಣ್ಣ ಮಾರ್ಪಾಡಲ್ಲ. ಆದರೆ ಇದರ ಜೊತೆಗೇ ಹೊಸ ಪ್ರಶ್ನೆಯೊಂದು ಹುಟ್ಟಿದೆ: ಎಲ್ಲರೂ ಒಮ್ಮೆಗೇ ಒಂದೇ ಬಾಗಿಲಿಗೆ ಬಂದರೆ ಆ ಬಾಗಿಲು ತಡೆದೀತೆ? ತಡೆಯದಿದ್ದರೆ ಹೊರಗುಳಿಯುವವರು ಯಾರು? ಆಡಳಿತದ ಚರಿತ್ರೆಯನ್ನು ಓದುವವರಿಗೆ ಈ ಪ್ರಶ್ನೆ ಹೊರಗಿನದಲ್ಲ. ಆದುದರಿಂದ ಕಂಪ್ಯೂಟರ್ ತಜ್ಞರು ‘ಕೋರಿಕೆಯ ಮಿತಿ’ ಎಂದು ಕರೆಯುವ ವಿಷಯವನ್ನು ಇಲ್ಲಿ ಸ್ವಲ್ಪ ವಿವರವಾಗಿ ವಿಚಾರಿಸುತ್ತೇವೆ.

ಕಾಲೇಜುಗಳಲ್ಲಿ ಹಾಜರಾತಿ, ಗ್ರಂಥಾಲಯದ ಎರವಲು, ವಿದ್ಯಾರ್ಥಿವೇತನದ ಅರ್ಜಿ ಮೊದಲಾದ ಕೆಲಸಗಳಿಗೆ ಈಗ ಅಧ್ಯಾಪಕರೇ ಆ್ಯಪ್ ಮಾಡಿಕೊಳ್ಳುವುದುಂಟು. ಇದಕ್ಕೆ ನೆರವಾದುದು ‘ಲೋ-ಕೋಡ್’ ಎಂಬ ಪದ್ಧತಿ. ಪ್ರೋಗ್ರಾಮನ್ನು ಸಾಲುಸಾಲಾಗಿ ಬರೆಯದೆ, ಸಿದ್ಧವಾಗಿರುವ ತುಂಡುಗಳನ್ನು ತೆರೆಯ ಮೇಲೆ ಜೋಡಿಸಿ ಆ್ಯಪ್ ಕಟ್ಟುವುದು ಇದರ ಕ್ರಮ. ಮೈಕ್ರೋಸಾಫ್ಟ್ ಸಂಸ್ಥೆಯ ಪವರ್ ಆ್ಯಪ್ಸ್, ಜೋಹೋ ಸಂಸ್ಥೆಯ ಕ್ರಿಯೇಟರ್ ಈ ಜಾತಿಯವು. ನಮ್ಮ ರಾಷ್ಟ್ರೀಯ ಮಾಹಿತಿ ಕೇಂದ್ರವು ರೂಪಿಸಿದ ‘ಸರ್ವಿಸ್ ಪ್ಲಸ್’ ಎಂಬ ಚೌಕಟ್ಟೂ ಇದೇ ದಾರಿಯದು: ಪ್ರತಿಯೊಂದು ಸೇವೆಗೂ ಹೊಸದಾಗಿ ಪ್ರೋಗ್ರಾಮ್ ಬರೆಯದೆ, ಅರ್ಜಿಯ ನಮೂನೆ, ಪರಿಶೀಲನೆಯ ಹಂತ, ಪ್ರಮಾಣಪತ್ರದ ರೂಪ ಇವನ್ನು ಹೊಂದಿಸಿಕೊಂಡರೆ ಸಾಕು. ಕರ್ನಾಟಕದ ಸೇವಾಸಿಂಧು ಈ ಚೌಕಟ್ಟನ್ನೇ ಬಳಸಿಕೊಂಡು ಬೆಳೆಯಿತು.

ಇಂಥ ಆ್ಯಪುಗಳ ಹಿಂದೆ ದತ್ತಾಂಶವನ್ನು ಕಾಯುವ ಸರ್ವರುಗಳಿವೆ. ಪಟ್ಟಿಯೊಂದನ್ನು ಓದು, ಸಾಲೊಂದನ್ನು ಸೇರಿಸು, ಪತ್ರವೊಂದನ್ನು ಕಳುಹಿಸು ಎಂದು ಆ್ಯಪು ಸರ್ವರನ್ನು ಕೇಳುವ ಪ್ರತಿಯೊಂದು ಮಾತೂ ಒಂದು ಕೋರಿಕೆ. ಬಳಸುವವನು ಒತ್ತುವುದು ಒಂದೇ ಗುಂಡಿಯಾದರೂ ಅದರ ಹಿಂದೆ ಹತ್ತು ಕೋರಿಕೆಗಳು ಹೊರಡಬಹುದು. ಸರ್ವರು ಒಬ್ಬರ ಸೊತ್ತಲ್ಲ; ಸಾವಿರಾರು ಸಂಸ್ಥೆಗಳು ಅದನ್ನು ಹಂಚಿಕೊಂಡಿರುತ್ತವೆ. ಆದುದರಿಂದ ಅದರ ಒಡೆಯರು ಒಬ್ಬೊಬ್ಬರಿಗೂ ಇಷ್ಟೆಂದು ಗೊತ್ತುಮಾಡುತ್ತಾರೆ. ಮೈಕ್ರೋಸಾಫ್ಟ್ ಪ್ರಕಟಿಸಿರುವ ನಿಯಮದಂತೆ, ಪವರ್ ಆ್ಯಪ್ಸಿನ ಪೂರ್ಣ ಪರವಾನಗಿಯುಳ್ಳವನಿಗೆ ೨೪ ಗಂಟೆಗಳಲ್ಲಿ ೪೦,೦೦೦ ಕೋರಿಕೆಗಳು ಸಲ್ಲುತ್ತವೆ. ಕಚೇರಿ ಬಳಕೆಯ ಸಾಮಾನ್ಯ ಪರವಾನಗಿಯಲ್ಲಿ ೬,೦೦೦. ಇದು ದಿನದ ಲೆಕ್ಕ. ಗಳಿಗೆಯ ಲೆಕ್ಕ ಬೇರೆಯೇ ಇದೆ: ಆ ಸಂಸ್ಥೆಯ ಡೇಟಾವರ್ಸ್ ಎಂಬ ದತ್ತಾಂಶಸಂಗ್ರಹದಲ್ಲಿ ಒಬ್ಬ ಬಳಕೆದಾರನ ಹೆಸರಿನಲ್ಲಿ ಒಂದು ಸರ್ವರಿಗೆ ೫ ನಿಮಿಷಗಳಲ್ಲಿ ೬,೦೦೦ಕ್ಕಿಂತ ಹೆಚ್ಚು ಕೋರಿಕೆ ಹೋಗುವಂತಿಲ್ಲ. ದಿನದ ಪಾಲು ಮಿಕ್ಕಿದ್ದರೂ ಗಳಿಗೆಯ ಪಾಲು ಮುಗಿದಿರಬಹುದೆಂಬುದನ್ನು ಇಲ್ಲಿ ಗಮನಿಸಬೇಕು.

ಒಂದು ಉದಾಹರಣೆಯಿಂದ ಈ ಮಾತು ಸ್ಪಷ್ಟವಾದೀತು. ಮೈಸೂರಿನ ರಾಮಕೃಷ್ಣನಗರದಲ್ಲಿ ೧,೨೦೦ ವಿದ್ಯಾರ್ಥಿಗಳುಳ್ಳ ಕಾಲೇಜೊಂದು ಇದೆಯೆಂದು ಭಾವಿಸೋಣ. ಅಲ್ಲಿಯ ಅಧ್ಯಾಪಕರೊಬ್ಬರು ತಮ್ಮ ವಿಭಾಗದ ೬೦ ವಿದ್ಯಾರ್ಥಿಗಳಿಗಾಗಿ ವಿದ್ಯಾರ್ಥಿವೇತನದ ಅರ್ಜಿಯ ಆ್ಯಪ್ ಮಾಡುತ್ತಾರೆ. ಅರ್ಜಿಯೊಂದು ಬಂದೊಡನೆ ತಾನಾಗಿ ನಡೆಯುವ ಕಾರ್ಯಸರಣಿಯೊಂದನ್ನು ಅದಕ್ಕೆ ಜೋಡಿಸುತ್ತಾರೆ. ಅದರಲ್ಲಿ ಎಂಟು ಹೆಜ್ಜೆಗಳು. ೬೦ ಅರ್ಜಿಗೆ ೪೮೦ ಕೋರಿಕೆ. ಯಾವ ತೊಡಕೂ ಇಲ್ಲ. ಮರುವರ್ಷ ಪ್ರಾಂಶುಪಾಲರು ಮೆಚ್ಚಿ, ಇಡೀ ಕಾಲೇಜು ಇದನ್ನೇ ಬಳಸಲಿ ಎನ್ನುತ್ತಾರೆ. ಕೊನೆಯ ದಿನ ೧,೨೦೦ ಮಂದಿ ಅರ್ಜಿ ಹಾಕಿದರೆ ಕೋರಿಕೆಗಳು ೯,೬೦೦. ತಾನಾಗಿ ನಡೆಯುವ ಕಾರ್ಯಸರಣಿಯ ಕೋರಿಕೆಗಳು ಅರ್ಜಿದಾರರ ಲೆಕ್ಕಕ್ಕೆ ಹೋಗುವುದಿಲ್ಲ. ಅದನ್ನು ಮಾಡಿದವರ ಲೆಕ್ಕಕ್ಕೆ ಬೀಳುತ್ತವೆ. ಅವರ ಪಾಲು ೬,೦೦೦ ಆಗಿದ್ದಲ್ಲಿ ೭೫೦ ಅರ್ಜಿಗಳಿಗೆ ಅದು ಮುಗಿಯಿತು. ಉಳಿದ ೪೫೦ ಮಂದಿಯ ಅರ್ಜಿಗಳು ನಿಧಾನಕ್ಕೆ ಬೀಳುತ್ತವೆ. ಮಿತಿಯನ್ನು ಬಿಗಿಯಾಗಿ ಜಾರಿಗೆ ತರುವ ಮುನ್ನ ಸಡಿಲವಾದ ಪರಿವರ್ತನಕಾಲವನ್ನು ಆ ಸಂಸ್ಥೆ ಕೊಟ್ಟಿದೆಯಾದರೂ, ಸಡಿಲನ್ನು ನೆಚ್ಚಿ ಕಟ್ಟುವುದು ವಿವೇಕವಲ್ಲ.

ಸದ್ದಿಲ್ಲದೆ ಕೆಲಸ ಕೆಡಿಸುವ ಮಿತಿಯೂ ಒಂದಿದೆ. ಹುಡುಕುವ ಕೆಲಸವನ್ನು ಸರ್ವರಿಗೇ ವಹಿಸಲಾಗದಂತೆ ಸೂತ್ರ ಬರೆದಿದ್ದರೆ, ಪವರ್ ಆ್ಯಪ್ಸ್ ಪಟ್ಟಿಯ ಮೊದಲ ೫೦೦ ಸಾಲುಗಳನ್ನು ಮಾತ್ರ ತಂದು ಅಷ್ಟರಲ್ಲೇ ಹುಡುಕುತ್ತದೆ. ಹೆಚ್ಚೆಂದರೆ ಅದನ್ನು ೨,೦೦೦ಕ್ಕೆ ಏರಿಸಬಹುದು. ೬೦ ಹೆಸರುಗಳಿದ್ದಾಗ ಇದು ಗೋಚರಕ್ಕೇ ಬರುವುದಿಲ್ಲ. ಹೆಸರುಗಳು ೧,೨೦೦ ಆದಾಗ ೫೦೧ನೆಯ ವಿದ್ಯಾರ್ಥಿ ‘ಪಟ್ಟಿಯಲ್ಲಿಲ್ಲ’ ಎನಿಸಿಕೊಳ್ಳುತ್ತಾನೆ. ಮಾಡಿದವನಿಗೆ ಎಚ್ಚರಿಕೆಯ ಗುರುತು ಕಂಡೀತು. ಬಳಸುವವನಿಗೆ ಏನೂ ಕಾಣದು.

ಮಿತಿ ಮೀರಿದಾಗ ಸರ್ವರು ಸಾಮಾನ್ಯವಾಗಿ ೪೨೯ ಎಂಬ ಸಂಖ್ಯೆಯನ್ನು ಉತ್ತರವಾಗಿ ಕಳುಹಿಸುತ್ತದೆ. ‘ಕೋರಿಕೆಗಳು ಅತಿಯಾದುವು’ ಎಂಬುದು ಇದರ ಅರ್ಥ. ೨೦೧೨ರಲ್ಲಿ ಇದು ಅಂತರಜಾಲದ ಒಪ್ಪಿತ ಸಂಕೇತಗಳಲ್ಲಿ ಸೇರಿತು. ಎಷ್ಟು ಹೊತ್ತು ಬಿಟ್ಟು ಮತ್ತೆ ಕೇಳಬೇಕೆಂಬುದನ್ನೂ ಆ ಉತ್ತರದೊಡನೆ ತಿಳಿಸಬಹುದು. ಈ ಸೂಚನೆಯನ್ನು ಲೆಕ್ಕಿಸದೆ ಮತ್ತೆಮತ್ತೆ ಕೇಳಿದರೆ ಏನಾಗುವುದೆಂಬುದಕ್ಕೆ ನಮ್ಮ ದೇಶದಲ್ಲೇ ನಿದರ್ಶನವಿದೆ. ೨೦೨೫ರ ಏಪ್ರಿಲ್ ೧೨ರಂದು ಯುಪಿಐ ಹಣಪಾವತಿ ಹಲವು ಗಂಟೆ ಅಸ್ತವ್ಯಸ್ತವಾಯಿತು. ‘ಹಣ ಸಂದಿತೆ’ ಎಂದು ವಿಚಾರಿಸುವ ಕೋರಿಕೆಗಳನ್ನು ಕೆಲವು ಬ್ಯಾಂಕುಗಳು ಪ್ರವಾಹದಂತೆ ಕಳುಹಿಸಿದ್ದೇ ಕಾರಣವೆಂದು ರಾಷ್ಟ್ರೀಯ ಪಾವತಿ ನಿಗಮ ಕಂಡುಕೊಂಡಿತು. ಆ ವರ್ಷದ ಆಗಸ್ಟ್ ೧ರಿಂದ ಒಂದು ಆ್ಯಪಿನಲ್ಲಿ ಖಾತೆಯ ಶಿಲ್ಕನ್ನು ದಿನಕ್ಕೆ ೫೦ ಸಲಕ್ಕಿಂತ ಹೆಚ್ಚು ನೋಡುವಂತಿಲ್ಲವೆಂಬ ಕಟ್ಟಳೆ ಬಂತು. ಹಣ ಕಳುಹಿಸುವ ಮುಖ್ಯ ಕೆಲಸ ಉಳಿಯಬೇಕಾದರೆ ವಿಚಾರಣೆಯ ಉಪಕೆಲಸಕ್ಕೆ ಎಲ್ಲೆ ಬೇಕಾಯಿತು.

ಕರ್ನಾಟಕದಲ್ಲಿ ೨೦೨೩ರಲ್ಲಿ ಒಂದು ತಿಂಗಳ ಅಂತರದಲ್ಲಿ ನಡೆದ ಎರಡು ನೋಂದಣಿಗಳನ್ನು ಹೋಲಿಸಿದರೆ ಇನ್ನೊಂದು ಪಾಠ ದೊರೆಯುತ್ತದೆ. ಜೂನ್ ೧೮ರಂದು ಗೃಹಜ್ಯೋತಿ ಯೋಜನೆಯ ಅರ್ಜಿಗಳನ್ನು ಸೇವಾಸಿಂಧುವಿನಲ್ಲಿ ತೆಗೆದುಕೊಳ್ಳತೊಡಗಿದರು. ಮನೆಬಳಕೆಯ ವಿದ್ಯುತ್ ಗ್ರಾಹಕರು ರಾಜ್ಯದಲ್ಲಿ ಸುಮಾರು ಎರಡು ಕೋಟಿ. ಬಾಗಿಲು ಎಲ್ಲರಿಗೂ ಒಮ್ಮೆಗೇ ತೆರೆಯಿತು. ಮೊದಲ ದಿನಗಳಲ್ಲಿ ಸರ್ವರು ನಿಧಾನವಾಯಿತೆಂಬ ದೂರುಗಳು ಎದ್ದುವು. ಅರ್ಜಿಗೆ ಕೊನೆಯ ದಿನವೆಂಬುದಿಲ್ಲ, ಅವಸರ ಬೇಡವೆಂದು ಸರ್ಕಾರ ಹೇಳಬೇಕಾಯಿತು. ಜುಲೈ ೧೯ರಂದು ಗೃಹಲಕ್ಷ್ಮಿಯ ನೋಂದಣಿ ಆರಂಭವಾದಾಗ ಕ್ರಮ ಬೇರೆಯಾಗಿತ್ತು. ಯಾವ ದಿನ, ಯಾವ ಹೊತ್ತು, ಯಾವ ಕೇಂದ್ರ ಎಂಬುದನ್ನು ಫಲಾನುಭವಿಗಳಿಗೆ ಮೊಬೈಲ್ ಸಂದೇಶದ ಮೂಲಕ ತಿಳಿಸುವ ಏರ್ಪಾಟನ್ನು ಮಾಡಲಾಯಿತು. ಸರ್ವರಿನ ದೂರುಗಳು ಇದರಿಂದ ಪೂರ್ತಿ ನಿಂತುವೆನ್ನಲಾಗದು. ಆದರೂ ಜನರ ಬರವನ್ನು ಕಾಲದಲ್ಲಿ ಹರಡುವ ಈ ತತ್ತ್ವವು ಸರಿಯಾದುದೇ. ಆ ಯೋಜನೆಯ ಉದ್ಘಾಟನೆ ಅದೇ ಆಗಸ್ಟ್ ೩೦ರಂದು ನಮ್ಮ ಮೈಸೂರಿನ ಮಹಾರಾಜ ಕಾಲೇಜಿನ ಮೈದಾನದಲ್ಲಿ ನಡೆದುದು ಓದುಗರಿಗೆ ನೆನಪಿರಬಹುದು.

ಈ ತತ್ತ್ವ ನಮ್ಮ ನಾಡಿಗರಿಗೆ ಹೊಸದಲ್ಲ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಮುಂಬಯಿ ಪ್ರಾಂತದ ನೀರಾ ಕಾಲುವೆಯಲ್ಲಿ ಎಂಜಿನಿಯರಾಗಿದ್ದ ಎಂ. ವಿಶ್ವೇಶ್ವರಯ್ಯನವರು ‘ಬ್ಲಾಕ್ ಪದ್ಧತಿ’ಯನ್ನು ರೂಪಿಸಿದರು. ಕಾಲುವೆಯ ಕೆಳಗಿನ ಜಮೀನನ್ನು ಬ್ಲಾಕುಗಳಾಗಿ ವಿಂಗಡಿಸಿ, ಕಬ್ಬಿನಂಥ ಹೆಚ್ಚು ನೀರು ಬೇಡುವ ಬೆಳೆಯನ್ನು ಪ್ರತಿ ಬ್ಲಾಕಿನ ಒಂದು ಭಾಗಕ್ಕೆ ಮಾತ್ರ ಸೀಮಿತಗೊಳಿಸಿ, ಬೆಳೆಗಳನ್ನು ಸರದಿಯ ಮೇಲೆ ತಿರುಗಿಸುವುದು ಅದರ ಕ್ರಮ. ನೀರು ಹೆಚ್ಚಲಿಲ್ಲ; ಅದು ತಲಪಿದ ಹಳ್ಳಿಗಳು ಹೆಚ್ಚಿದುವು. ಎಲ್ಲೆಯಿಲ್ಲದ ಕಾಲುವೆಯಲ್ಲಿ ತೂಬಿನ ಬಳಿಯವನು ಬೇಕಾದಷ್ಟು ಹಾಯಿಸಿಕೊಳ್ಳುತ್ತಾನೆ; ಒಣಗುವುದು ಕಾಲುವೆಯ ತುದಿಯ ಗದ್ದೆ. ಕೋರಿಕೆಯ ಮಿತಿಯನ್ನು ಕೊರತೆಯೆಂದಾಗಲಿ ವ್ಯಾಪಾರಿಗಳ ಜಿಪುಣತನವೆಂದಾಗಲಿ ತಿಳಿಯದೆ, ಹಂಚಿಕೆಯ ನಿಯಮವೆಂದು ತಿಳಿಯುವುದು ಲೇಸು. ಹೆಚ್ಚು ಹಣ ತೆತ್ತವನಿಗೆ ಹೆಚ್ಚು ಪಾಲು ದೊರೆಯುವುದೂ ಇಲ್ಲಿ ಉಂಟು; ಆದುದರಿಂದಲೇ ಹಣವಿಲ್ಲದ ಸಂಸ್ಥೆಗಳು ಲೆಕ್ಕವನ್ನು ಮೊದಲೇ ಹಾಕಿಕೊಳ್ಳಬೇಕು.

ಲೆಕ್ಕ ಕಷ್ಟದ್ದಲ್ಲ. ಬಳಸುವವರೆಷ್ಟು ಎಂದು ಮಾತ್ರ ಕೇಳದೆ, ಒಬ್ಬೊಬ್ಬರ ಒಂದೊಂದು ಕೆಲಸಕ್ಕೆ ಕೋರಿಕೆಗಳೆಷ್ಟು, ಅವು ಯಾರ ಹೆಸರಿನಲ್ಲಿ ಹೋಗುತ್ತವೆ, ಅತ್ಯಂತ ದಟ್ಟಣೆಯ ಗಳಿಗೆಯಲ್ಲಿ ಎಷ್ಟಾಗುತ್ತವೆ ಎಂದು ಕೇಳಬೇಕು. ಮೇಲಿನ ಉದಾಹರಣೆಯಲ್ಲಿ ಅನಾವಶ್ಯಕ ಹೆಜ್ಜೆಗಳನ್ನು ಬಿಟ್ಟು ಎಂಟನ್ನು ಮೂರಕ್ಕೆ ಇಳಿಸಿದರೆ ೯,೬೦೦ ಕೋರಿಕೆಗಳು ೩,೬೦೦ ಆಗಿ, ಅದೇ ಪರವಾನಗಿಯಲ್ಲೇ ಕೆಲಸ ನಡೆಯುತ್ತದೆ. ಬದಲಾಗದ ಪಟ್ಟಿಗಳನ್ನು ಪದೇ ಪದೇ ಓದದೆ ಒಮ್ಮೆ ಓದಿ ಇಟ್ಟುಕೊಳ್ಳಬಹುದು; ಅರ್ಜಿಗಳನ್ನು ಒಂದೊಂದಾಗಿ ಕಳುಹಿಸದೆ ಗುಂಪಾಗಿ ಕಳುಹಿಸಬಹುದು; ನಿರಾಕರಣೆ ಬಂದಾಗ ಮರುಕೋರಿಕೆಗಳ ನಡುವಣ ಅಂತರವನ್ನು ಪ್ರತಿಸಲವೂ ಇಮ್ಮಡಿಸಬಹುದು. ತರಗತಿಗೊಂದು ದಿನವನ್ನು ಗೊತ್ತುಮಾಡುವುದಂತೂ ಯಾವ ಯಂತ್ರವನ್ನೂ ಬೇಡದ ಉಪಾಯ.

ಇವುಗಳಲ್ಲಿ ಯಾವುದನ್ನೂ ಮಾಡದೆ ಆ್ಯಪನ್ನು ಎಲ್ಲರಿಗೂ ತೆರೆದರೆ ಮಿತಿ ಇಲ್ಲವಾಗುವುದಿಲ್ಲ. ಅದು ಯಾರ ಮೇಲೆ ಬೀಳಬೇಕೆಂಬುದನ್ನು ಆಕಸ್ಮಿಕಕ್ಕೆ ಬಿಟ್ಟಂತಾಗುತ್ತದೆ. ಹಾಗೆ ಬಿಟ್ಟಾಗ ಅದು ಬೀಳುವುದು ಬಹುಮಟ್ಟಿಗೆ ಕೊನೆಯಲ್ಲಿ ಬರುವವರ ಮೇಲೆ: ಹಳ್ಳಿಯಿಂದ ಬಸ್ಸಿನಲ್ಲಿ ಬರುವ, ಮನೆಯಲ್ಲಿ ಒಂದೇ ಫೋನಿರುವ, ಪ್ರಮಾಣಪತ್ರಕ್ಕಾಗಿ ತಾಲ್ಲೂಕು ಕಚೇರಿಗೆ ಅಲೆದು ಕಡೆಯ ದಿನ ಅರ್ಜಿ ತುಂಬುವ ವಿದ್ಯಾರ್ಥಿಯ ಮೇಲೆ. ವಿದ್ಯಾರ್ಥಿವೇತನ ಅತ್ಯಗತ್ಯವಾಗಿ ಬೇಕಾದವನೂ ಅವನೇ. ಆ್ಯಪ್ ಕಟ್ಟುವ ಅಧ್ಯಾಪಕರು ಅವನನ್ನು ಮೊದಲು ಎಣಿಸಿಕೊಂಡು ಅನಂತರ ಉಳಿದ ಲೆಕ್ಕಕ್ಕೆ ಕೈಹಾಕುವುದು ಉಚಿತವೆಂದು ನಮ್ಮ ಅಭಿಪ್ರಾಯ.