ತಾಡಪತ್ರಗಳ ಛಾಯಾಗ್ರಹಣ: ಡಿಜಿಟಲ್ ಕ್ಯಾಮೆರಾದ ಪ್ರಾಮಾಣ್ಯವಿಚಾರ

ಷಟ್ಖಂಡಾಗಮದ ಪ್ರಥಮ ಖಂಡವಾದ ಜೀವಸ್ಥಾನದ 93ನೆಯ ಸೂತ್ರವನ್ನು ಕುರಿತು ನಡೆದ ವಿವಾದ ಆಗಮಾಭ್ಯಾಸಿಗಳಿಗೆ ವಿದಿತವೇ ಆಗಿದೆ. ಡಾ. ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಧವಲಾ ಟೀಕೆಯೊಡನೆ ಆ ಗ್ರಂಥದ ಮೊದಲ ಸಂಪುಟ 1939ರಲ್ಲಿ ಪ್ರಕಟವಾದಾಗ ಸಂಪಾದಕರಿಗೆ ದೊರೆತಿದ್ದುದು ಮೂಡಬಿದಿರೆಯ ಮೂಲ ತಾಡಪತ್ರವಲ್ಲ, ಪ್ರತಿಯಿಂದ ಪ್ರತಿಗೆ ಇಳಿದುಬಂದ ಕಾಗದದ ಪ್ರತಿಗಳು ಮಾತ್ರ. ಅವುಗಳಲ್ಲಿ 'ಸಂಜದ' ಎಂಬ ಪದವಿರಲಿಲ್ಲ. ಅರ್ಥಸಂಗತಿಗಾಗಿ ಅದು ಇರಬೇಕೆಂದು ಸಂಪಾದಕರು ಅಡಿಟಿಪ್ಪಣಿಯಲ್ಲಿ ಸೂಚಿಸಿದರು. ಸ್ತ್ರೀಯರ ಗುಣಸ್ಥಾನಗಳ ನಿರ್ಣಯಕ್ಕೆ ಸಂಬಂಧಿಸಿದ ಪದವಾದುದರಿಂದ ಈ ಮೂರಕ್ಷರಗಳ ಮೇಲೆ ವಿದ್ವಾಂಸರಲ್ಲಿ ವರ್ಷಗಟ್ಟಲೆ ಖಂಡನ ಮಂಡನಗಳು ನಡೆದವು. ಕಡೆಗೆ ಮೂಡಬಿದಿರೆಯ ಓಲೆಯನ್ನೇ ತೆಗೆದು ನೋಡಿದಾಗ ಆ ಪದ ಅಲ್ಲಿದ್ದುದು ಕಂಡುಬಂದಿತು. 'ಸಂಜದಾಸಂಜದ' ಎಂಬುದರ ಬೆನ್ನಿಗೇ ಮತ್ತೆ 'ಸಂಜದ' ಬರುವಲ್ಲಿ ಪ್ರತಿಕಾರನ ಕಣ್ಣು ಜಾರಿರಬೇಕು.

ಈಗ ಕೈಬರಹದ ಪ್ರತಿಯ ಸ್ಥಾನಕ್ಕೆ ಛಾಯಾಚಿತ್ರ ಬಂದಿದೆ. 2003ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನದ ತರುವಾಯ, ಒಂದು ಕೋಟಿಗೂ ಮಿಕ್ಕ ಹಸ್ತಪ್ರತಿಗಳನ್ನು ಉದ್ದೇಶಿಸಿ 'ಜ್ಞಾನ ಭಾರತಂ' ಯೋಜನೆ 2025ರ ಕೇಂದ್ರ ಮುಂಗಡಪತ್ರದಲ್ಲಿ ಘೋಷಿತವಾಯಿತು. ಬಸದಿ ಮಠಗಳ ಭಂಡಾರಗಳಿಗೆ ಕ್ಯಾಮೆರಾ ಪ್ರವೇಶಿಸುತ್ತಿರುವ ಈ ಸಮಯದಲ್ಲಿ ಯಾವ ಕ್ಯಾಮೆರಾ ವಿಶ್ವಾಸಾರ್ಹ ಎಂಬ ಪ್ರಶ್ನೆ ಮತ್ತೆ ಮತ್ತೆ ಏಳುತ್ತದೆ. ವೃತ್ತಿಪರ ಛಾಯಾಗ್ರಾಹಕರು ಇದಕ್ಕೆ ಕೊಡುವ ಉತ್ತರ ಹಸ್ತಪ್ರತಿಶಾಸ್ತ್ರಕ್ಕೆ ಒಪ್ಪುತ್ತದೆಯೆ ಎಂಬುದು ಇಲ್ಲಿ ವಿಚಾರಣೀಯ.

ಕೊಡಕ್ ಸಂಸ್ಥೆಯ ಸ್ಟೀವನ್ ಸ್ಯಾಸನ್ 1975ರಲ್ಲಿ ರಚಿಸಿದ ಮೊದಲ ಡಿಜಿಟಲ್ ಕ್ಯಾಮೆರಾ ಕೇವಲ 10 ಸಾವಿರ ಪಿಕ್ಸೆಲ್‌ಗಳ ಒಂದು ಚಿತ್ರವನ್ನು ಟೇಪಿನಲ್ಲಿ ದಾಖಲಿಸಲು 23 ಸೆಕೆಂಡು ತೆಗೆದುಕೊಳ್ಳುತ್ತಿತ್ತು. 1999ರ ನಿಕಾನ್ ಡಿ1 ಸುಮಾರು 27 ಲಕ್ಷ ಪಿಕ್ಸೆಲ್‌ಗಳದು. 2019ರ ಸೋನಿ ಎ7ಆರ್ 4 ಸುಮಾರು 6 ಕೋಟಿ 10 ಲಕ್ಷದ್ದು. ಈ ಬೆಳವಣಿಗೆಯ ಉದ್ದಕ್ಕೂ ವೃತ್ತಿಪರರ ವಾದವಿವಾದಗಳು ನಡೆದುಬಂದಿರುವುದು ಹೆಚ್ಚಾಗಿ ವೇಗವನ್ನು ಕುರಿತು. ಕ್ಯಾನನ್ ಸಂಸ್ಥೆಯ 1ಡಿ ಮಾರ್ಕ್ 3 ಎಂಬ ಕ್ಯಾಮೆರಾ 2007ರಲ್ಲಿ ಬಂದಾಗ, ಓಡುವ ಆಟಗಾರನ ಮೇಲೆ ಅದರ ಸ್ವಯಂಚಾಲಿತ ಫೋಕಸ್ ನಿಲ್ಲುವುದಿಲ್ಲವೆಂದು ದೊಡ್ಡ ಕೋಲಾಹಲವೇ ಆಯಿತು. ಸಂಸ್ಥೆ ಒಳಗನ್ನಡಿಯ ಭಾಗವನ್ನು ದುರಸ್ತಿ ಮಾಡಿಕೊಡಬೇಕಾಯಿತು. ಓಲೆಗರಿ ಓಡುವುದಿಲ್ಲ. ಅದರ ಮುಂದೆ ಫೋಕಸನ್ನು ಕೈಯಿಂದಲೇ ಹೊಂದಿಸಬಹುದಾದುದರಿಂದ ಆ ದೋಷ ಇಲ್ಲಿ ದೋಷವೇ ಅಲ್ಲ. ಅದಕ್ಕೆ ಪ್ರತಿಯಾಗಿ ಛಾಯಾಗ್ರಾಹಕನು ಅಲ್ಪವೆಂದು ಬಗೆಯುವ ಇನ್ನೊಂದು ದೋಷ ಹಸ್ತಪ್ರತಿಯ ವಿಷಯದಲ್ಲಿ ಗುರುತರವಾಗುತ್ತದೆ. 2012ರ ನಿಕಾನ್ ಡಿ600 ಕ್ಯಾಮೆರಾದಲ್ಲಿ ಸೆನ್ಸರಿನ ಮೇಲೆ ಸಣ್ಣ ಕಲೆಗಳು ಕೂಡುತ್ತಿದ್ದವು. ಸಂಸ್ಥೆ 2014ರಲ್ಲಿ ಉಚಿತವಾಗಿ ಶುಚಿಗೊಳಿಸುವ ವ್ಯವಸ್ಥೆ ಮಾಡಿತು. ಆಕಾಶದ ಚಿತ್ರದಲ್ಲಿ ಅಂತಹ ಕಲೆಯನ್ನು ಒರೆಸಿಹಾಕಬಹುದು. ನಾಗರಿಯ ಕಾಗದಪ್ರತಿಯಲ್ಲಿ ಅದೇ ಕಲೆ ಅಕ್ಷರದ ನೆತ್ತಿಯ ಮೇಲೆ ಬಿದ್ದರೆ ಅನುಸ್ವಾರವಾಗುತ್ತದೆ! ಅನುಕ್ರಮವಾದ ಹತ್ತು ಚಿತ್ರಗಳನ್ನು ಒಂದರ ಮೇಲೊಂದು ಇಟ್ಟು ನೋಡಿದರೆ ಕಲೆ ಒಂದೇ ಸ್ಥಳದಲ್ಲಿ ಉಳಿಯುವುದರಿಂದ ಅದನ್ನು ಪತ್ತೆಹಚ್ಚಬಹುದು. ಆದರೆ ಹಾಗೆ ನೋಡಬೇಕೆಂಬ ಎಚ್ಚರವಿರಬೇಕಷ್ಟೆ.

ಶಟರಿನ ಆಯುಷ್ಯ ಚರ್ಚೆಯ ಮತ್ತೊಂದು ವಿಷಯ. ವೃತ್ತಿಪರ ಕ್ಯಾಮೆರಾಗಳಿಗೆ 1,50,000ದಿಂದ 4,00,000 ಸಲದವರೆಗೆ ಪರೀಕ್ಷಿತವಾದ ಶಟರುಗಳಿರುತ್ತವೆ. 340 ಗರಿಗಳ ಒಂದು ಕವಳಿಗೆಯನ್ನು ಎರಡೂ ಪಾರ್ಶ್ವಗಳಲ್ಲಿ, ಪ್ರತಿ ಪಾರ್ಶ್ವವನ್ನು ಎಂಟು ತುಣುಕುಗಳಾಗಿ ತೆಗೆದರೆ 5,440 ಚಿತ್ರಗಳಾಗುತ್ತವೆ. ಎರಡು ಲಕ್ಷದ ಶಟರು ಇಂತಹ 36 ಕವಳಿಗೆಗಳಿಗೆ ಸಾಕು. ಮಧ್ಯಮಗಾತ್ರದ ಭಂಡಾರಕ್ಕೂ ಅದು ಸಾಲದು. ಕನ್ನಡಿಯಿಲ್ಲದ ಈಚಿನ ಕ್ಯಾಮೆರಾಗಳಲ್ಲಿ ವಿದ್ಯುನ್ಮಾನ ಶಟರಿರುವುದರಿಂದ ಸವೆತವಿಲ್ಲ, ಕಂಪನವೂ ಇಲ್ಲ. ಆದರೆ 50 ಹರ್ಟ್ಸ್ ವಿದ್ಯುತ್ತಿನಲ್ಲಿ ಉರಿಯುವ ಕಳಪೆ ದೀಪ ಸೆಕೆಂಡಿಗೆ ನೂರು ಸಲ ಮಿನುಗುವುದರಿಂದ ಅಂತಹ ಶಟರಿನ ಚಿತ್ರದಲ್ಲಿ ಅಡ್ಡಪಟ್ಟೆಗಳು ಮೂಡುತ್ತವೆ. ಒಂದರ ಗುಣ ಇನ್ನೊಂದರ ದೋಷವನ್ನು ಕರೆತರುತ್ತದೆ.

ಪಿಕ್ಸೆಲ್‌ಗಳ ಸಂಖ್ಯೆಯನ್ನೇ ಸಾಮರ್ಥ್ಯವೆಂದು ಭಾವಿಸುವ ರೂಢಿಯಂತೂ ಓಲೆಗರಿಯ ಮುಂದೆ ನಿಲ್ಲುವುದೇ ಇಲ್ಲ. 26 ಅಂಗುಲ ಉದ್ದ, 2 ಅಂಗುಲ ಅಗಲದ ಶ್ರೀತಾಳೆಯ ಗರಿಯೊಂದನ್ನು ಒಂದೇ ಚಿತ್ರದಲ್ಲಿ ಹಿಡಿಯುವುದಾದರೆ, 2008ರ ಕ್ಯಾನನ್ 5ಡಿ ಮಾರ್ಕ್ 2 ಕ್ಯಾಮೆರಾದ 5,616 ಪಿಕ್ಸೆಲ್‌ಗಳು ಅಂಗುಲಕ್ಕೆ 216ರಂತೆ ಹಂಚಿಹೋಗುತ್ತವೆ. 2012ರ ನಿಕಾನ್ ಡಿ800ರಲ್ಲಿ 283, ಮೇಲೆ ಹೇಳಿದ ಸೋನಿಯಲ್ಲಿ 365. ಕ್ಯಾಮೆರಾದ ಚೌಕಟ್ಟು ಮೂರಕ್ಕೆರಡರ ಪ್ರಮಾಣದ್ದು; ಗರಿಯಾದರೋ ಹದಿಮೂರಕ್ಕೊಂದರದು. ಆದುದರಿಂದ 6 ಕೋಟಿ 10 ಲಕ್ಷ ಪಿಕ್ಸೆಲ್‌ಗಳಲ್ಲಿ ಗರಿಯ ಮೇಲೆ ಬೀಳುವಂಥವು ಸುಮಾರು 70 ಲಕ್ಷ ಮಾತ್ರ. ಮಿಕ್ಕವು ಕೆಳಗೆ ಹಾಸಿದ ಕಪ್ಪು ಬಟ್ಟೆಯನ್ನು ಬಹು ಸ್ಫುಟವಾಗಿ ಚಿತ್ರಿಸುತ್ತವೆ. ಅಂಗುಲಕ್ಕೆ 283 ಎಂದರೆ ಒಂದು ಪಿಕ್ಸೆಲ್ಲಿಗೆ 0.09 ಮಿಲಿಮೀಟರ್. ಕಂಟದ ಗೀರು ಕೂದಲೆಳೆಯಷ್ಟು ಸೂಕ್ಷ್ಮವಾಗಿರುವಲ್ಲಿ ಒಂದು ಗೀರಿಗೆ ಒಂದು ಪಿಕ್ಸೆಲ್ ದೊರೆಯುತ್ತದೆ. ಗೀರು ಗೀರಾಗಿಯೇ ನಿಲ್ಲಬೇಕಾದರೆ ಎರಡಾದರೂ ಬೇಕು. ದಕಾರ ಧಕಾರಗಳಿಗೂ ಬಕಾರ ಭಕಾರಗಳಿಗೂ ಇರುವ ಭೇದವೆಲ್ಲ ಅಕ್ಷರದ ಬುಡದ ಒಂದು ಸಣ್ಣ ಸೀಳಿನಲ್ಲಿ ಅಡಗಿರುತ್ತದೆ. ಅಂಗುಲಕ್ಕೆ 600ರಂತೆ ತೆಗೆಯಬೇಕಾದರೆ 15,600 ಪಿಕ್ಸೆಲ್‌ಗಳ ಉದ್ದ ಬೇಕಾಗುವುದರಿಂದ, ಗರಿಯನ್ನು ತುಣುಕು ತುಣುಕಾಗಿ ತೆಗೆದು ಜೋಡಿಸುವುದೇ ಈ ಕ್ಯಾಮೆರಾಗಳಲ್ಲಿ ಉಳಿದ ಮಾರ್ಗ. ಗರಿಯ ಡೊಂಕಿಗಾಗಿ ಲೆನ್ಸಿನ ರಂಧ್ರವನ್ನು ಎಫ್ 16ರವರೆಗೆ ಕಿರಿದುಗೊಳಿಸುವ ಪದ್ಧತಿಯೂ ಇದೆ. ಆದರೆ ಅಷ್ಟು ಕಿರಿದಾದ ರಂಧ್ರದಲ್ಲಿ ಬೆಳಕು ಹರಡಿ, ಬಿಂದುವೊಂದು ಐದಾರು ಪಿಕ್ಸೆಲ್‌ಗಳಷ್ಟು ಅಗಲವಾಗುತ್ತದೆ. ಹಣ ತೆತ್ತು ಪಡೆದ ಸೂಕ್ಷ್ಮತೆ ಅಲ್ಲಿಯೇ ಕರಗುತ್ತದೆ.

ಗ್ರಂಥಸಂಪಾದಕರಿಗೆ ಇದಕ್ಕಿಂತ ಮುಖ್ಯವಾದುದು ಇನ್ನೊಂದುಂಟು. ಪ್ರತಿಕಾರರಲ್ಲಿ ಎರಡು ಬಗೆ: ಅರ್ಥವರಿಯದೆ ಕಂಡಂತೆ ಬರೆಯುವವನು, ಮತ್ತು ಅರ್ಥವರಿತು ತಿದ್ದುತ್ತ ಬರೆಯುವವನು. ಮೊದಲನೆಯವನ ತಪ್ಪು ತಪ್ಪಾಗಿಯೇ ಕಾಣುತ್ತದೆ. ಎರಡನೆಯವನದು ಶುದ್ಧಪಾಠದ ವೇಷದಲ್ಲಿ ಕುಳಿತಿರುತ್ತದೆ. ಡಿಜಿಟಲ್ ಕ್ಯಾಮೆರಾ ಸ್ವಭಾವತಃ ಎರಡನೆಯ ಬಗೆಯ ಪ್ರತಿಕಾರ. ಬ್ರೈಸ್ ಬೇಯರ್ ರೂಪಿಸಿದ ವಿನ್ಯಾಸದಂತೆ ಸೆನ್ಸರಿನ ಪ್ರತಿಯೊಂದು ಬಿಂದುವೂ ಕೆಂಪು, ಹಸಿರು, ನೀಲಿಗಳಲ್ಲಿ ಒಂದನ್ನು ಮಾತ್ರ ಗ್ರಹಿಸುತ್ತದೆ. ಉಳಿದೆರಡನ್ನು ಯಂತ್ರ ನೆರೆಯ ಬಿಂದುಗಳಿಂದ ಊಹಿಸುತ್ತದೆ. ಅದರ ಮೇಲೆ ಅಂಚುಗಳನ್ನು ಹರಿತಗೊಳಿಸುತ್ತದೆ, ಕಣಕಣವಾದ ಮಸುಕನ್ನು ಅಳಿಸುತ್ತದೆ, ಕಡತವನ್ನು ಚಿಕ್ಕದು ಮಾಡಲು ಸೂಕ್ಷ್ಮಭೇದಗಳನ್ನು ಬಿಟ್ಟುಬಿಡುತ್ತದೆ. ಮಸುಕೆಂದು ಅಳಿಸಿದ್ದು ಅರೆ ಸವೆದ ಗೀರೂ ಆಗಿರಬಹುದು. ಮೊಬೈಲ್ ಫೋನಿನ ಕ್ಯಾಮೆರಾ ಈ ಪಾಂಡಿತ್ಯದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ. ಇದು ಬರಿಯ ಶಂಕೆಯಲ್ಲ. ಜೆರಾಕ್ಸ್ ಸಂಸ್ಥೆಯ ಕೆಲವು ಸ್ಕ್ಯಾನರುಗಳು ಕಡತವನ್ನು ಕುಗ್ಗಿಸುವಾಗ 6ರ ಸ್ಥಾನದಲ್ಲಿ 8ನ್ನು ಇರಿಸುತ್ತಿದ್ದುದನ್ನು ಜರ್ಮನಿಯ ಡೇವಿಡ್ ಕ್ರೀಸೆಲ್ 2013ರಲ್ಲಿ ತೋರಿಸಿಕೊಟ್ಟರು. ಅಂಕಿ ಮಸುಕಾಗಿರಲಿಲ್ಲ, ಸ್ಪಷ್ಟವಾಗಿ ತಪ್ಪಾಗಿತ್ತು. ಆದುದರಿಂದಲೇ ಸಂಸ್ಕರಣಕ್ಕೆ ಮೊದಲಿನ 'ರಾ' ಕಡತವನ್ನು ಕಡ್ಡಾಯವಾಗಿ ಉಳಿಸಬೇಕು. ಸುಂದರವಾಗಿ ಕಾಣುವ ಜೆಪೆಗ್ ಚಿತ್ರವನ್ನು ಮಾತೃಕೆಯೆಂದು ಎಣಿಸುವುದು ಸಮಂಜಸವಲ್ಲ.

ಬಣ್ಣದ ವಿಷಯದಲ್ಲಿ ಒಂದು ವಿರೋಧಾಭಾಸವಿದೆ. ಸೆನ್ಸರಿನ ಸಿಲಿಕಾನ್ ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನೂ ಗ್ರಹಿಸಬಲ್ಲುದು. ಆದರೆ ಬಣ್ಣ ಕೆಡದಿರಲೆಂದು ತಯಾರಕರು ಅವನ್ನು ತಡೆಯುವ ಸೋಸುಗಾಜನ್ನು ಅದರ ಮುಂದೆ ಇರಿಸಿರುತ್ತಾರೆ. ಎಣ್ಣೆ ಹಚ್ಚಿ ಹಚ್ಚಿ ಕಪ್ಪಾದ ಗರಿಯಲ್ಲಿ ದೀಪದ ಮಸಿ ತುಂಬಿದ ಅಕ್ಷರ ಬೇರ್ಪಟ್ಟು ಕಾಣುವುದು ಆ ಕಿರಣಗಳಲ್ಲಿಯೇ: ಗರಿ ಬೆಳ್ಳಗಾಗುತ್ತದೆ, ಇಂಗಾಲದ ಮಸಿ ಕಪ್ಪಾಗಿ ಉಳಿಯುತ್ತದೆ. ಉಡುಪಿಯಲ್ಲಿ ಮಧ್ವಾಚಾರ್ಯರ ಸರ್ವಮೂಲ ಗ್ರಂಥಗಳ ಕವಳಿಗೆಗೆ ಇಂತಹ ಸ್ಥಿತಿ ಒದಗಿತ್ತು. ಅಮೆರಿಕದ ರೋಚೆಸ್ಟರ್ ತಂತ್ರಜ್ಞಾನ ಸಂಸ್ಥೆಯ ಪಿ. ಆರ್. ಮುಕುಂದ್ ಮತ್ತು ರೋಜರ್ ಈಸ್ಟನ್ ಅವರು 2006ರಲ್ಲಿ ಅದರ ಚಿತ್ರಗಳನ್ನು ತೆಗೆದರು. ಮೇಲಿನ ಲೆಕ್ಕದಲ್ಲಿ ಹಿಡಿದ 340 ಗರಿಗಳ ಸಂಖ್ಯೆಯೂ 26 ಅಂಗುಲದ ಅಳತೆಯೂ ಆ ಕವಳಿಗೆಯವೇ. ಅವರು ಬಳಸಿದ್ದು ಪತ್ರಿಕಾ ಛಾಯಾಗ್ರಾಹಕನ ಕ್ಯಾಮೆರಾ ಅಲ್ಲ. ವೈಜ್ಞಾನಿಕ ಕ್ಯಾಮೆರಾ ಹಾಗೂ ಅವಕೆಂಪಿನ ಸೋಸುಗಾಜು. ಗರಿಯೊಂದನ್ನು ಎಂಟು ಹತ್ತು ತುಣುಕುಗಳಾಗಿ ತೆಗೆದು ಗಣಕದಲ್ಲಿ ಜೋಡಿಸಿದರು.

ಮಸಿಯೇ ತುಂಬದ, ಕೊರೆದ ಗೀರು ಮಾತ್ರ ಉಳಿದ ಗರಿಯಲ್ಲಿ ಅವಕೆಂಪು ನಿಷ್ಫಲ. ಅಲ್ಲಿ ಪಕ್ಕದಿಂದ ಓರೆಯಾಗಿ ಬೆಳಕು ಹಾಯಿಸಿ ಗೀರಿನ ನೆರಳನ್ನು ಹಿಡಿಯಬೇಕು. ಮೂಡಬಿದಿರೆಯ ಸಚಿತ್ರ ಧವಲಾ ಪತ್ರಗಳಿಗಾದರೋ ವರ್ಣದ ಯಥಾರ್ಥತೆಯೇ ಪ್ರಧಾನ. ಒಂದೊಂದು ಚಿತ್ರವೂ ಒಂದೊಂದು ನಯ. ಯಾವುದಾದರೂ ಒಂದನ್ನು ಹಿಡಿದು ಗರಿಯ ಸ್ವರೂಪವಿಷ್ಟೇ ಎಂದರೆ ಅದು ದುರ್ನಯವಾಗುತ್ತದೆ.

ಮೈಕ್ರೋಫಿಲ್ಮೇ ಲೇಸೆಂಬ ಹಿರಿಯರ ಪಕ್ಷವೂ ನಿರಾಧಾರವಲ್ಲ. ಪಾಲಿಯೆಸ್ಟರ್ ತಳದ ಬೆಳ್ಳಿಯ ಫಿಲ್ಮು ತಕ್ಕ ಶೈತ್ಯದಲ್ಲಿ 500 ವರ್ಷ ಬಾಳಬಲ್ಲುದೆಂದು ಗಣನೆಯಿದೆ. ಬರಿಯ ಭೂತಗನ್ನಡಿಯಿಂದ ಅದನ್ನು ಓದಬಹುದು. ಡಿಜಿಟಲ್ ಕಡತವನ್ನಾದರೋ ಕೆಲವು ವರ್ಷಗಳಿಗೊಮ್ಮೆ ಹೊಸ ಡಿಸ್ಕಿಗೆ ವರ್ಗಾಯಿಸುತ್ತಲೇ ಇರಬೇಕು. ಆದರೆ ಕಪ್ಪು ಬಿಳುಪಿನ ಆ ಫಿಲ್ಮಿನಲ್ಲಿ ಕಂದಿದ ಗರಿ ಮತ್ತು ಕಂದಿದ ಮಸಿಗಳ ನಡುವಣ ಅಂತರ ಬಹುಮಟ್ಟಿಗೆ ಅಳಿದುಹೋಗುತ್ತದೆ.

ತುಣುಕುಗಳ ಜೋಡಣೆಯಲ್ಲಿರುವ ಒಂದು ಅಪಾಯ ಮೊದಲು ಹೇಳಿದ ಸೂತ್ರದ ಪ್ರಸಂಗಕ್ಕೆ ಸಮೀಪವಾದುದು. ಗಣಕವು ಎರಡು ತುಣುಕುಗಳ ಅಂಚಿನ ಸಾಮ್ಯವನ್ನು ನೋಡಿ ಬೆಸೆಯುತ್ತದೆ. ಒಂದೇ ಅಕ್ಷರಸಮೂಹ ಎರಡು ಸಲ ಬಂದಲ್ಲಿ, ಅಂಚುಗಳು ಧಾರಾಳವಾಗಿ ಒಂದರ ಮೇಲೊಂದು ಬರುವಂತೆ ತೆಗೆಯದಿದ್ದರೆ, ಲಿಪಿಕಾರನ ಕಣ್ಣು ಜಾರಿದಂತೆ ಅದೂ ಜಾರುವ ಸಂಭವವಿದೆ. ಗರಿಯ ಜೊತೆಗೆ ಅಳತೆಪಟ್ಟಿಯನ್ನು ಇರಿಸಿದ್ದರೆ ಅಂಗುಲಗಳ ಲೆಕ್ಕ ತಪ್ಪಿದ್ದು ಕೂಡಲೇ ತಿಳಿಯುತ್ತದೆ. ವರ್ಣಫಲಕವನ್ನೂ ಇರಿಸುವುದು ಯುಕ್ತ. ಒಂದರ ಬದಲು ಎರಡು ಗರಿ ಒಟ್ಟಿಗೆ ಮಗುಚಿಹೋದುದನ್ನು ಯಾವ ಕ್ಯಾಮೆರಾ ಕೂಡ ತಿಳಿಸಲಾರದು. ಅಂಚಿನಲ್ಲಿ ಕಾಣುವ ಪತ್ರಾಂಕವನ್ನು ಲಿಪಿ ಬಲ್ಲವರೊಬ್ಬರು ಗಟ್ಟಿಯಾಗಿ ಓದುತ್ತಿರಬೇಕು, ಇನ್ನೊಬ್ಬರು ಗುರುತು ಹಾಕುತ್ತಿರಬೇಕು. ಅನಂತರ ಆಯಾ ದಿನದ ಚಿತ್ರಗಳನ್ನು ದೊಡ್ಡ ಪರದೆಯಲ್ಲಿ ಹಿಗ್ಗಿಸಿ ಗರಿಯೊಡನೆ ಹೋಲಿಸಬೇಕು. ಇವೆಲ್ಲ ದಾರ ಪೋಣಿಸಿ ಹಲಗೆ ಕಟ್ಟುವ ಮೊದಲೇ ಮುಗಿಯತಕ್ಕದ್ದು. ಶಿಥಿಲವಾದ ಗರಿಗಳ ಕವಳಿಗೆಯನ್ನು ಎರಡನೆಯ ಸಲ ಬಿಚ್ಚಿದಾಗ ರಂಧ್ರದ ಅಂಚುಗಳು ಸೀಳುತ್ತವೆ, ಸೀಳಿನೊಡನೆ ಅಕ್ಷರಗಳೂ ಉದುರುತ್ತವೆ.